ಮಾವನ ಹಳೇ ಥಿಂಕ್‌ಪ್ಯಾಡ್‌ಗೆ ಡೆಬಿಯನ್ 13, ಅದರ ಮೇಲೆ ನುಡಿ ಕೀಬೋರ್ಡ್

ಮೆಷಿನ್ ಥಿಂಕ್‌ಪ್ಯಾಡ್ ಎಕ್ಸ್220. 2011ರ ಮಾಡೆಲ್. ಇಂಟೆಲ್ ಐ5-2520ಎಂ ಪ್ರೊಸೆಸರ್, 4 ಜಿಬಿ ರ‍್ಯಾಮ್, 320 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್, 12.5 ಇಂಚಿನ ಸ್ಕ್ರೀನ್. ತೀರ್ಥಹಳ್ಳಿ ಕಡೆ ಇರುವ ನನ್ನ ಸೋದರಮಾವನದು. ಮಾವ ಇದರಲ್ಲಿ ಮಾಡುವುದು ಮೂರೇ ಕೆಲಸ. ಕನ್ನಡದಲ್ಲಿ ಪತ್ರ, ಅರ್ಜಿ ಟೈಪ್ ಮಾಡುತ್ತಾರೆ. ಅಡಿಕೆ ತೋಟದ ಲೆಕ್ಕ ಬರೆಯುತ್ತಾರೆ. ರಾತ್ರಿ ಊಟ ಆದ ಮೇಲೆ ಯಕ್ಷಗಾನದ ವಿಡಿಯೋ ನೋಡುತ್ತಾರೆ.

ಇದರಲ್ಲಿ ಇದ್ದದ್ದು ವಿಂಡೋಸ್ 10. ಅದರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಇದರಲ್ಲಿಲ್ಲ, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಆದರೂ ಬೇಕು, ಇದು ಎರಡನೇ ತಲೆಮಾರು. ಪೇಟೆಯಲ್ಲಿ ಕೇಳಿದ್ದಕ್ಕೆ ಹೊಸದು ತಗೊಳ್ಳಿ ಅಂದರಂತೆ. ಆದರೆ ಲ್ಯಾಪ್‌ಟಾಪ್ ಕೆಟ್ಟಿಲ್ಲ. ಕೀಬೋರ್ಡ್ ಅಂತೂ ಈಗಿನ ಯಾವ ಲ್ಯಾಪ್‌ಟಾಪಿಗಿಂತಲೂ ಚೆನ್ನಾಗಿದೆ, ಏಳು ಸಾಲಿನ ಹಳೇ ಥಿಂಕ್‌ಪ್ಯಾಡ್ ಕೀಬೋರ್ಡ್ ಬಂದ ಕೊನೆಯ ಎಕ್ಸ್ ಮಾಡೆಲ್‌ಗಳಲ್ಲಿ ಇದೂ ಒಂದು. ದಿನವಿಡೀ ಟೈಪ್ ಮಾಡುವವರಿಗೆ ಇದರ ಬೆಲೆ ಗೊತ್ತು. ಅದಕ್ಕೆ ವಿಂಡೋಸ್ ಬದಲು ಡೆಬಿಯನ್ ಹಾಕಿದೆ, ಅದು ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂನ ಒಂದು ಬಗೆ.

ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕುವ ಬಗ್ಗೆ ಬರೆದಿದ್ದನ್ನೆಲ್ಲ ನೋಡಿದರೆ ಇನ್‌ಸ್ಟಾಲರ್ ಮುಗಿದು ಡೆಸ್ಕ್‌ಟಾಪ್ ಕಂಡ ಕೂಡಲೇ ಮುಗಿಯಿತು ಅಂತ ನಿಲ್ಲಿಸುತ್ತಾರೆ. ನನಗೆ ಅದು ಅರ್ಧ ಕೆಲಸವೂ ಅಲ್ಲ. ಮಾವ ವರ್ಷಾನುಗಟ್ಟಲೆ ಒತ್ತಿ ರೂಢಿಯಾದ ಅದೇ ಕೀಗೆ ಅದೇ ಅಕ್ಷರ ಬರಬೇಕು, ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಬರೆದ ಹಳೇ ಫೈಲ್ ತೆರೆದರೆ ಓದಲು ಬರಬೇಕು. ಅಲ್ಲಿಗೆ ತಲುಪಿದರೆ ಮಾತ್ರ ಈ ಲ್ಯಾಪ್‌ಟಾಪ್ ಉಳಿಯಿತು ಅಂತ ಲೆಕ್ಕ.

ಮೊದಲು ಡೇಟಾ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಓಡುವ ಡೆಬಿಯನ್ ಲೈವ್ ಬೂಟ್ ಮಾಡಿ, ಸ್ಮಾರ್ಟ್‌ಮಾನ್‌ಟೂಲ್ಸ್ ಅನ್ನುವ ಪ್ರೋಗ್ರಾಂ ಹಾಕಿಕೊಂಡು ಡಿಸ್ಕಿನ ಆರೋಗ್ಯ ನೋಡಿದೆ. ಅಲ್ಲಿ ಎರಡು ಸಾಲು ಮುಖ್ಯ: ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು, ಬದಲಿ ಜಾಗ ಕೊಟ್ಟದ್ದು), ಕರೆಂಟ್ ಪೆಂಡಿಂಗ್ ಸೆಕ್ಟರ್. ಎರಡನೆಯದರಲ್ಲಿ 24 ಇತ್ತು. ಅಂದರೆ ಅಷ್ಟು ಜಾಗದಲ್ಲಿ ಡಿಸ್ಕಿಗೆ ಓದಲು ಆಗುತ್ತಿಲ್ಲ, ಮುಂದೆ ಏನಾಗುತ್ತದೋ ಹೇಳಲು ಬರುವುದಿಲ್ಲ. ಇಂಥ ಡಿಸ್ಕಿನಿಂದ ಫೈಲ್ ಮ್ಯಾನೇಜರ್‌ನಲ್ಲಿ ಕಾಪಿ ಮಾಡಲು ಹೋಗಬೇಡಿ. ಕೆಟ್ಟ ಜಾಗ ಸಿಕ್ಕಿದಲ್ಲೇ ಅದು ಮತ್ತೆ ಮತ್ತೆ ಪ್ರಯತ್ನಿಸುತ್ತಾ ನಿಲ್ಲುತ್ತದೆ, ಡಿಸ್ಕ್ ಇನ್ನಷ್ಟು ಸವೆಯುತ್ತದೆ. ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂ ಇದೆ, ಅದು ಮೊದಲು ಚೆನ್ನಾಗಿ ಓದಲು ಬರುವುದನ್ನೆಲ್ಲ ತೆಗೆದುಕೊಂಡು ಆಮೇಲೆ ಕಷ್ಟದ ಜಾಗಕ್ಕೆ ಬರುತ್ತದೆ. ಇಡೀ ಡಿಸ್ಕನ್ನು ಒಂದು ಎಕ್ಸ್‌ಟರ್ನಲ್ ಡ್ರೈವ್‌ಗೆ ಇಮೇಜ್ ಮಾಡಿಟ್ಟು, ಅಂದರೆ ಒಂದೇ ಫೈಲಾಗಿ ಪ್ರತಿ ತೆಗೆದಿಟ್ಟು, ಆ ಇಮೇಜನ್ನು ಓದಲು ಮಾತ್ರ ಅಂತ ತೆರೆದು ಮಾವನ ಫೈಲುಗಳನ್ನು ಹೊರಗೆ ತೆಗೆದೆ. ಹಳೇ ಡಿಸ್ಕನ್ನು ಅಳಿಸಿಲ್ಲ, ಹಾಗೇ ಒಂದು ಕವರಿನಲ್ಲಿ ಹಾಕಿ, ಮೇಲೆ ತಾರೀಖು ಬರೆದು ಇಟ್ಟಿದ್ದೇನೆ.

ಪಾರ್ಟ್ಸ್ ತಂದದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ. 240 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್), 4 ಜಿಬಿಯ ಡಿಡಿಆರ್3 ರ‍್ಯಾಮ್ ಒಂದು. ಈ ಮಾಡೆಲ್‌ನಲ್ಲಿ ಡಿಸ್ಕ್ ಕೂರುವ ಜಾಗ 7 ಮಿಲಿಮೀಟರ್ ಮಾತ್ರ, 9.5 ಮಿಲಿಮೀಟರಿನ ದಪ್ಪದ್ದು ಒಳಗೆ ಹೋಗುವುದಿಲ್ಲ. ಈಗಿನ 2.5 ಇಂಚಿನ ಎಸ್‌ಎಸ್‌ಡಿಗಳೆಲ್ಲ ಸಾಮಾನ್ಯವಾಗಿ 7 ಮಿಲಿಮೀಟರೇ, ಹಾಗಾಗಿ ತೊಂದರೆ ಇಲ್ಲ. ಹಳೇ ಡಿಸ್ಕಿನ ಎರಡೂ ಪಕ್ಕದಲ್ಲಿರುವ ರಬ್ಬರ್ ಪಟ್ಟಿಗಳನ್ನು ಮರೆಯದೆ ತೆಗೆದು ಹೊಸದಕ್ಕೆ ಹಾಕಬೇಕು, ಇಲ್ಲದಿದ್ದರೆ ಒಳಗೆ ಅಲ್ಲಾಡುತ್ತದೆ. ರ‍್ಯಾಮ್ ಬದಲಿಸುವುದು ಸುಲಭ, ತಳದ ಮುಚ್ಚಳ ತೆಗೆದರೆ ಎರಡು ಸ್ಲಾಟೂ ಅಲ್ಲೇ. ನಿಮ್ಮ ಹತ್ತಿರ ಒಂದಕ್ಕೇ ದುಡ್ಡಿದ್ದರೆ ಎಸ್‌ಎಸ್‌ಡಿ ತಗೊಳ್ಳಿ. ಹಳೇ ಮೆಷಿನ್‌ಗೆ ಅದರಷ್ಟು ಜೀವ ಕೊಡುವುದು ಬೇರೆ ಯಾವುದೂ ಇಲ್ಲ.

ಕೀಬೋರ್ಡ್ ತೆಗೆದಾಗ ಫ್ಯಾನಿನ ಬಾಯಲ್ಲಿ ಧೂಳು ಹತ್ತಿ ಹಾಸಿನ ಹಾಗೆ ಕಟ್ಟಿಕೊಂಡಿತ್ತು. ಮಲೆನಾಡಿನ ತೇವಕ್ಕೆ ಧೂಳು ಉದುರುವುದಿಲ್ಲ, ಅಂಟಿ ಕೂರುತ್ತದೆ. ಚಿಮಟದಲ್ಲಿ ಎಳೆದು ತೆಗೆದೆ, ಆಮೇಲೆ ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಕಡ್ಡಿ ಒತ್ತಿ ಹಿಡಿದು ಗಾಳಿ ಬಿಟ್ಟೆ. ಗಾಳಿಗೆ ಫ್ಯಾನ್ ಸುಮ್ನೆ ಜೋರಾಗಿ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಥರ್ಮಲ್ ಪೇಸ್ಟ್ ಬದಲಿಸಬೇಕಾದರೆ ಇನ್ನೂ ಆಳಕ್ಕೆ ಬಿಚ್ಚಬೇಕು. ಧೂಳು ತೆಗೆದ ಮೇಲೆ ಶಾಖ ಹತೋಟಿಯಲ್ಲೇ ಇದ್ದದ್ದರಿಂದ ಅದನ್ನು ಮುಟ್ಟಲಿಲ್ಲ.

ಬಿಚ್ಚಿದ್ದಾಗಲೇ ಮೆಷಿನ್‌ನ ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿಯನ್ನೂ ಬದಲಿಸಿದೆ. ಆನ್ ಮಾಡಿದಾಗಲೆಲ್ಲ 0271 ಅಂತ ಎರರ್ ತೋರಿಸಿ, ತಾರೀಖು ಸರಿಮಾಡು ಅನ್ನುತ್ತಿತ್ತು. ಎರಡು ವೈರ್ ಇರುವ ಸಿಆರ್2032 ಅದು, ಬರೀ ನಾಣ್ಯದಂಥದ್ದು ತಂದರೆ ಆಗುವುದಿಲ್ಲ. ಇದು ಸಣ್ಣ ವಿಷಯ ಅಂತ ಬಿಡಬೇಡಿ. ಮೆಷಿನ್‌ನ ತಾರೀಖು ವರ್ಷಗಟ್ಟಲೆ ಹಿಂದೆ ಇದ್ದರೆ ಬ್ರೌಸರ್ ಒಂದೊಂದು ಸೈಟಿಗೂ ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತದೆ, ಡೆಬಿಯನ್‌ಗೆ ಸಾಫ್ಟ್‌ವೇರ್ ತರುವ ಆಪ್ಟ್ ಕೂಡ ರಿಲೀಸ್ ಫೈಲ್ ಇನ್ನೂ ಜಾರಿಗೆ ಬಂದಿಲ್ಲ ಅಂತ ಅಪ್‌ಡೇಟ್ ಮಾಡಲು ಒಪ್ಪುವುದಿಲ್ಲ. ಇಂಟರ್ನೆಟ್ಟೇ ಕೆಟ್ಟಿದೆ ಅಂತ ಜನ ವೈಫೈ ಕಾರ್ಡ್ ಬದಲಿಸಲು ಹೊರಡುತ್ತಾರೆ, ನೋಡಿದರೆ ಗಡಿಯಾರದ ಸಮಸ್ಯೆ.

ಡೆಬಿಯನ್ ಯಾಕೆ? ಲಿನಕ್ಸ್ ಮಿಂಟ್ ಕೂಡ ಒಳ್ಳೆಯದೇ, ಹೊಸಬರಿಗೆ ಅದನ್ನೇ ಹೇಳುತ್ತೇನೆ. ಆದರೆ ನಾನು ಊರಿಗೆ ಹೋಗುವುದು ಅಪರೂಪ. ಹಾಕಿದ ಮೇಲೆ ವರ್ಷಗಟ್ಟಲೆ ಏನೂ ಬದಲಾಗದೆ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ಬರುತ್ತಿರಬೇಕು, ಐಕಾನ್ ಇದ್ದ ಜಾಗದಲ್ಲೇ ಇರಬೇಕು. ಡೆಬಿಯನ್ 13 ಬಂದದ್ದು 2025ರ ಆಗಸ್ಟ್ 9ಕ್ಕೆ, ಎಲ್‌ಟಿಎಸ್ ಅನ್ನುವ ದೀರ್ಘಾವಧಿ ಸಪೋರ್ಟ್ ಸೇರಿ ಐದು ವರ್ಷ ನಡೆಯುತ್ತದೆ. ಒಂದು ಎಚ್ಚರಿಕೆ: ಈ ಆವೃತ್ತಿಯಿಂದ 32 ಬಿಟ್ ಪ್ರೊಸೆಸರಿಗೆ ಇನ್‌ಸ್ಟಾಲರೇ ಇಲ್ಲ. ಆಟಮ್ ಎನ್270 ಇರುವ ಚಿಕ್ಕ ನೆಟ್‌ಬುಕ್ ಇಟ್ಟುಕೊಂಡಿರುವವರು ಡೆಬಿಯನ್ 12ಕ್ಕೇ ನಿಲ್ಲಬೇಕು.

ಇನ್‌ಸ್ಟಾಲ್ ಮಾಡಲು ನೆಟ್‌ಇನ್‌ಸ್ಟ್ ಅನ್ನುವ ಚಿಕ್ಕ ಐಎಸ್‌ಒ (ಇನ್‌ಸ್ಟಾಲರ್ ಫೈಲ್) ಇಳಿಸಿಕೊಂಡೆ, ಒಂದು ಜಿಬಿಗಿಂತ ಕಡಿಮೆ, ಉಳಿದದ್ದನ್ನು ಇನ್‌ಸ್ಟಾಲ್ ಆಗುವಾಗ ಇಂಟರ್ನೆಟ್‌ನಿಂದ ತಗೊಳ್ಳುತ್ತದೆ. ಫೈಲ್ ಸರಿಯಾಗಿ ಇಳಿದಿದೆಯೇ ಅಂತ ಎಸ್‌ಎಚ್‌ಎ512 ಮೊತ್ತ ತಾಳೆ ನೋಡಿದ ಮೇಲೆ ಪೆನ್‌ಡ್ರೈವ್‌ಗೆ ಬರೆದೆ. ಲಿನಕ್ಸ್‌ನಲ್ಲಿ ಕಾಪಿ ಮಾಡುವ ಸಾದಾ ಸಿಪಿ ಕಮಾಂಡ್ ಸಾಕು, ಡೆಬಿಯನ್ ಕೈಪಿಡಿಯಲ್ಲೇ ಹಾಗಂತ ಇದೆ. ಬರೆಯುವ ಮುಂಚೆ ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಓಡಿಸಿ ಯಾವುದು ಪೆನ್‌ಡ್ರೈವ್, ಯಾವುದು ನಿಮ್ಮ ಡಿಸ್ಕ್ ಅಂತ ಸೈಜ್ ನೋಡಿ ಖಾತ್ರಿ ಮಾಡಿಕೊಳ್ಳಿ. ವಿಂಡೋಸ್‌ನಲ್ಲಿ ಇದ್ದರೆ ರೂಫಸ್ ಅನ್ನುವ ಪ್ರೋಗ್ರಾಂ ಸಾಕು.

ಆನ್ ಮಾಡಿ ಎಫ್12 ಒತ್ತಿದರೆ ಬೂಟ್ ಮೆನು. ಆಮೇಲಿನದು ಹೆಚ್ಚು ಹೇಳುವಂಥದ್ದಲ್ಲ, ಎರಡು ಮೂರು ಕಡೆ ಮಾತ್ರ ನೋಡಿಕೊಂಡು ಮುಂದೆ ಹೋಗಿ. ರೂಟ್ (ಅಡ್ಮಿನ್) ಪಾಸ್‌ವರ್ಡ್ ಕೇಳಿದಾಗ ಖಾಲಿ ಬಿಟ್ಟರೆ ಮೊದಲ ಯೂಸರಿಗೇ ಸುಡೊ, ಅಂದರೆ ಅಡ್ಮಿನ್ ಅಧಿಕಾರ ಸಿಗುತ್ತದೆ, ಎರಡೆರಡು ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಗೋಜಿಲ್ಲ. ಡೆಸ್ಕ್‌ಟಾಪ್ ಆರಿಸುವ ಕಡೆ ಗ್ನೋಮ್‌ಗೆ ಟಿಕ್ ಬೀಳದಂತೆ ನೋಡಿಕೊಂಡು, ಅದಕ್ಕಿಂತ ಹಗುರವಾದ ಎಕ್ಸ್‌ಎಫ್‌ಸಿಇಗೆ ಟಿಕ್ ಹಾಕಿ. ವೈಫೈ ಚಿಪ್ ನಡೆಯಲು ಬೇಕಾದ ಸಾಫ್ಟ್‌ವೇರ್ (ಫರ್ಮ್‌ವೇರ್) 2023ರ ಡೆಬಿಯನ್ 12ರಿಂದ ಅಧಿಕೃತ ಐಎಸ್‌ಒ ಒಳಗೇ ಬರುತ್ತದೆ, ಮೊದಲಿನ ಹಾಗೆ ಬೇರೆ ಪೆನ್‌ಡ್ರೈವ್‌ನಲ್ಲಿ ಹುಡುಕಿ ತರಬೇಕಿಲ್ಲ. ಗ್ರಾಫಿಕಲ್ ಇನ್‌ಸ್ಟಾಲರ್ ಕನ್ನಡದಲ್ಲೂ ಇದೆ. ನನಗೆ ಅದನ್ನೇ ಹಾಕುವ ಆಸೆ ಇತ್ತು, ಮಾವನನ್ನು ಕೇಳಿದೆ. "ಮೆನು ಇಂಗ್ಲಿಷೇ ಇರ್ಲಿ ಮಾರಾಯ, ನಂಗೆ ಅದು ಎಲ್ಲೆಲ್ಲಿ ಇದೆ ಅಂತ ರೂಢಿ ಆಗಿದೆ. ಬರೆಯೋದು ಮಾತ್ರ ಕನ್ನಡ ಸರಿಯಾಗಿ ಬರ್ಬೇಕು ನೋಡು" ಅಂದರು. ಹಾಗಾಗಿ ಇಂಗ್ಲಿಷ್, ಇಂಡಿಯಾ ಅಂತ ಕೊಟ್ಟು, ಆಮೇಲೆ ಕನ್ನಡ ಲೊಕೇಲ್ (ಭಾಷೆಯ ಸೆಟ್ಟಿಂಗ್) ಮತ್ತು ಫಾಂಟುಗಳನ್ನು ಬೇರೆಯಾಗಿ ಹಾಕಿದೆ.

ಬೂಟ್ ಆಗಿ ಸುಮ್ನೆ ಬಿಟ್ಟಾಗ ಮೆಮೊರಿ ಒಂದು ಜಿಬಿಯ ಒಳಗೇ ಇರುತ್ತದೆ. ಡೆಬಿಯನ್ 13ರಲ್ಲಿ ಟೆಂಪ್ ಫೋಲ್ಡರ್ ಈಗ ರ‍್ಯಾಮ್‌ನಲ್ಲೇ ಇರುತ್ತದೆ, ಇದು ಹೊಸ ಬದಲಾವಣೆ. 8 ಜಿಬಿ ಇದ್ದರೆ ಚಿಂತೆಯಿಲ್ಲ, 4ರಲ್ಲೇ ಓಡಿಸುವವರು ಅಲ್ಲಿ ದೊಡ್ಡ ಫೈಲ್ ಇಡಬಾರದು.

ಯಕ್ಷಗಾನದ ವಿಷಯ. ಈ ಪ್ರೊಸೆಸರಿನ ಎಚ್‌ಡಿ 3000 ಗ್ರಾಫಿಕ್ಸಿಗೆ ಎಚ್.264 ವಿಡಿಯೋ ಹಾರ್ಡ್‌ವೇರ್‌ನಲ್ಲೇ ಬಿಡಿಸಲು ಬರುತ್ತದೆ. ವಿಪಿ9, ಎವಿ1 ಬರುವುದಿಲ್ಲ. ಈ ಮೂರೂ ವಿಡಿಯೋವನ್ನು ಕುಗ್ಗಿಸಿಡುವ ಬಗೆಗಳು. ಯೂಟ್ಯೂಬ್ ಕೊಡುವುದು ಹೆಚ್ಚಾಗಿ ಆ ಎರಡನ್ನೇ, ಆಗ ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬಿದ್ದು ಫ್ಯಾನ್ ಕೂಗಲು ಶುರು ಮಾಡುತ್ತದೆ, ಚೆಂಡೆಯ ಜೊತೆ ಅದನ್ನೂ ಕೇಳಬೇಕು. ಆ ಗ್ರಾಫಿಕ್ಸಿಗೆ ಬೇಕಾದ ಐ965 ವಿಎ ಡ್ರೈವರ್ ಹಾಕಿ, ಫೈರ್‌ಫಾಕ್ಸ್‌ಗೆ ಎನ್‌ಹ್ಯಾನ್ಸ್ಡ್ ಎಚ್264ಇಫೈ ಅನ್ನುವ ಎಕ್ಸ್‌ಟೆನ್ಶನ್ ಸೇರಿಸಿದರೆ ಯೂಟ್ಯೂಬ್ ಎಚ್.264 ಕಳಿಸುತ್ತದೆ. ಸ್ಕ್ರೀನ್ ಇರುವುದೇ 1366x768, ಹಾಗಾಗಿ 720ಪಿಗಿಂತ ಜಾಸ್ತಿ ಹಾಕಿ ಲಾಭವಿಲ್ಲ. ಇಂಟೆಲ್ ಮೀಡಿಯಾ ಡ್ರೈವರ್ ಅಂತ ಇನ್ನೊಂದಿದೆ, ಅದು ಇದಕ್ಕಿಂತ ಹೊಸ ಚಿಪ್‌ಗಳಿಗೆ.

ಬ್ಯಾಟರಿಗೆ ಟಿಎಲ್‌ಪಿ ಅನ್ನುವ ಪ್ರೋಗ್ರಾಂ. ಥಿಂಕ್‌ಪ್ಯಾಡ್‌ನಲ್ಲಿ ಚಾರ್ಜ್ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಅಂತ ಗೊತ್ತು ಮಾಡಬಹುದು. ಎಲ್ಲರೂ ಶೇಕಡ 80ಕ್ಕೆ ನಿಲ್ಲಿಸಿ ಅನ್ನುತ್ತಾರೆ. ಊರಲ್ಲಿ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗದು, ಹೋದರೆ ಬೇಗ ಬರುವುದೂ ಇಲ್ಲ. ಅದಕ್ಕೆ 90ಕ್ಕೆ ಇಟ್ಟೆ. ಪ್ರಿಂಟರ್ ಮನೆಯಲ್ಲಿ ಇದ್ದದ್ದು ಯುಎಸ್‌ಬಿಯ ಹಳೇ ಲೇಸರ್, ತನ್ನದೇ ಭಾಷೆಯಲ್ಲಿ ಮಾತಾಡುವಂಥದ್ದು. ಅದಕ್ಕೆ ಓಪನ್ ಸೋರ್ಸ್‌ನವರು ಬರೆದ ಡ್ರೈವರ್ ಇದೆ, ಕಂಪೈಲ್ ಮಾಡಿ ಲಿನಕ್ಸ್‌ನ ಪ್ರಿಂಟಿಂಗ್ ವ್ಯವಸ್ಥೆ ಕಪ್ಸ್‌ಗೆ ಸೇರಿಸಿದೆ, ಕನ್ನಡ ಪುಟ ಸರಿಯಾಗಿ ಬಂತು.

ಇನ್ನು ಮುಖ್ಯ ವಿಷಯ, ಕನ್ನಡ ಟೈಪಿಂಗ್.

ಮಾವನ ಬೆರಳಲ್ಲಿ ಇರುವುದು ನುಡಿ ಕೀಬೋರ್ಡ್, ಅಂದರೆ ಕಗಪ ವಿನ್ಯಾಸ. ಕೆ.ಪಿ. ರಾವ್ ಅವರು ರೂಪಿಸಿದ್ದೇ ಇದರ ಬುಡ. ಕನ್ನಡ ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಬೇಕು. ಎಫ್ ಅಕ್ಷರಗಳನ್ನು ಕೂಡಿಸುತ್ತದೆ, ಡಬ್ಲ್ಯು ಅಂದರೆ ಡ. ಕಂಗ್ಲಿಷ್‌ನಲ್ಲಿ ಬರೆಯುವವರಿಗೆ ಇದು ವಿಚಿತ್ರ ಅನ್ನಿಸಬಹುದು, ರೂಢಿಯಾದವರಿಗೆ ಇದಕ್ಕಿಂತ ವೇಗದ್ದು ಇಲ್ಲ.

ಎಕ್ಸ್‌ಎಫ್‌ಸಿಇ ಕೀಬೋರ್ಡ್ ಸೆಟ್ಟಿಂಗ್ ತೆರೆದರೆ ಭಾರತದ ಪಟ್ಟಿಯಲ್ಲಿ ಕನ್ನಡ ಕಗಪ ಅಂತಲೇ ಒಂದು ಸಿಗುತ್ತದೆ. ಕಂಡ ಕೂಡಲೇ ಅದನ್ನು ಹಾಕಿ ಮುಗಿಸಬೇಡಿ. ಅದು ಎಕ್ಸ್‌ಕೆಬಿ ಲೇಔಟ್, ಒಂದು ಕೀ ಒತ್ತಿದರೆ ಒಂದು ಅಕ್ಷರ, ಹಿಂದೆ ಏನು ಬಂದಿದೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ನುಡಿಯಲ್ಲಿ ಐ ಒತ್ತಿದರೆ ಪದದ ಶುರುವಿನಲ್ಲಿ ಇ ಬರುತ್ತದೆ, ವ್ಯಂಜನದ ಮುಂದೆ ಒತ್ತಿದರೆ ಗುಣಿತ ಆಗುತ್ತದೆ, ಕೆ ಆದಮೇಲೆ ಐ ಅಂದರೆ ಕಿ. ಎಕ್ಸ್‌ಕೆಬಿಯಲ್ಲಿ ಗುಣಿತಕ್ಕೆ ಇನ್ನೊಂದು ಕೀ ಹಿಡಿದುಕೊಂಡೇ ಒತ್ತಬೇಕು. ರೂಢಿ ಇರುವವರಿಗೆ ಎರಡು ಪದ ಬರೆಯುವಷ್ಟರಲ್ಲಿ ಸಾಕಾಗುತ್ತದೆ. ಬೇಕಾದದ್ದು ಐಬಸ್ ಅನ್ನುವ ಟೈಪಿಂಗ್ ಪ್ರೋಗ್ರಾಂ ಮತ್ತು ಅದರ ಎಂ17ಎನ್ ಪ್ಯಾಕೇಜ್. ಅದನ್ನು ಹಾಕಿ, ಒಮ್ಮೆ ಲಾಗೌಟ್ ಆಗಿ ಬಂದು, ಐಬಸ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ (ಕಗಪ) ಆರಿಸಿದರೆ ಅಕ್ಷರ ಹಿಂದೆ ಮುಂದೆ ನೋಡಿಕೊಂಡು ಸರಿಯಾಗಿ ಕೂಡುತ್ತದೆ.

ಇನ್ನೊಂದು, ಭಾಷೆ ಬದಲಿಸುವ ಕೀ. ಐಬಸ್ ತಾನಾಗಿ ಇಟ್ಟಿರುವುದು ಸೂಪರ್ (ವಿಂಡೋಸ್ ಕೀ) ಮತ್ತು ಸ್ಪೇಸ್. ನುಡಿಯಲ್ಲಿ ಸ್ಕ್ರೋಲ್ ಲಾಕ್ ಒತ್ತಿ ಕನ್ನಡ, ಇಂಗ್ಲಿಷ್ ಬದಲಿಸುವುದು. ಎಕ್ಸ್220ರ ಕೀಬೋರ್ಡಿನಲ್ಲಿ ಸ್ಕ್ರೋಲ್ ಲಾಕ್ ಇದೆ, ಅದನ್ನೇ ಕೊಟ್ಟೆ. ಮಾವ ಕೂತು, ಏನೂ ಕೇಳದೆ ಸ್ಕ್ರೋಲ್ ಲಾಕ್ ಒತ್ತಿ, ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಶುರು ಮಾಡಿದರು. "ಇದ್ರಲ್ಲಿ ನುಡಿ ಹಾಕಿದ್ಯಾ?" ಅಂತ ಕೇಳಿದ್ದು ಅರ್ಧ ಪುಟ ಆದ ಮೇಲೆ. ನನಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಫಾಂಟಿಗೆ ಗುಬ್ಬಿ, ನವಿಲು ಎರಡೂ ಡೆಬಿಯನ್‌ನಲ್ಲೇ ಇವೆ, ಜೊತೆಗೆ ನೋಟೊ ಕನ್ನಡ. ಪತ್ರಕ್ಕೆ ನನಗೆ ಗುಬ್ಬಿ ಇಷ್ಟ. ಪತ್ರ ಬರೆಯುವ ಲಿಬ್ರೆಆಫೀಸ್‌ನಲ್ಲಿ ಒಂದು ಕಡೆ ಎಲ್ಲರೂ ಸಿಕ್ಕಿಬೀಳುತ್ತಾರೆ: ಅದು ಕನ್ನಡವನ್ನು ಕಾಂಪ್ಲೆಕ್ಸ್ ಟೆಕ್ಸ್ಟ್ ಅನ್ನುವ ಬೇರೆ ಗುಂಪಿನಲ್ಲಿ ಇಟ್ಟಿದೆ, ಅದಕ್ಕೆ ಫಾಂಟೂ ಬೇರೆ, ಸೈಜೂ ಬೇರೆ. ಸ್ಟೈಲ್‌ನಲ್ಲಿ ಇಂಗ್ಲಿಷಿನ ಸೈಜ್ 14 ಮಾಡಿದರೂ ಕನ್ನಡ 12ರಲ್ಲೇ ಕೂತಿರುತ್ತದೆ. ಆಪ್ಶನ್ಸ್‌ನ ಲ್ಯಾಂಗ್ವೇಜ್ ಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಆನ್ ಮಾಡಿ, ಭಾಷೆ ಕನ್ನಡ ಅಂತ ಕೊಟ್ಟು, ಅದರ ಡೀಫಾಲ್ಟ್ ಫಾಂಟು, ಸೈಜನ್ನು ಒಮ್ಮೆ ಸರಿಮಾಡಿ ಇಡಿ.

ಕೊನೆಗೆ ಹಳೇ ಫೈಲುಗಳು. ಮಾವನ ಹತ್ತಿರ ನುಡಿಯ ಹಳೇ ಎನ್‌ಕೋಡಿಂಗ್‌ನಲ್ಲಿ ಬರೆದ ಡಾಕ್ಯುಮೆಂಟುಗಳ ದೊಡ್ಡ ರಾಶಿಯೇ ಇದೆ. ಆಗ ಯೂನಿಕೋಡ್ (ಈಗ ಎಲ್ಲ ಕಡೆ ಬಳಸುವ, ಪ್ರತಿ ಭಾಷೆಯ ಅಕ್ಷರಕ್ಕೂ ಬೇರೆ ಸಂಖ್ಯೆ ಇರುವ ಪದ್ಧತಿ) ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟು. ಆ ಫಾಂಟ್ ಇಲ್ಲದೆ ತೆರೆದರೆ ಕನ್ನಡ ಅನ್ನುವ ಪದ ಹೀಗೆ ಕಾಣುತ್ತದೆ: ದೊಡ್ಡ ಪಿ, ತಲೆಮೇಲೆ ಗೆರೆ ಇರುವ ಎ, ಪೌಂಡ್ ಗುರುತು, ಮತ್ತೆ ಗೆರೆಯ ಎ, ಜರ್ಮನ್ ಭಾಷೆಯ ಶಾರ್ಪ್ ಎಸ್ (ß), ಚಿಕ್ಕ ಕ್ಯೂ, ಮತ್ತೆ ಗೆರೆಯ ಎ. ನುಡಿ ಫಾಂಟ್ ಫೈಲನ್ನು ಫಾಂಟ್ಸ್ ಫೋಲ್ಡರಿಗೆ ಹಾಕಿದರೆ ಓದಲು ಬರುತ್ತದೆ, ಪ್ರಿಂಟೂ ಬರುತ್ತದೆ. ಆದರೆ ಹುಡುಕಲು ಆಗುವುದಿಲ್ಲ, ವಾಟ್ಸಾಪಿಗೆ ಕಾಪಿ ಮಾಡಿದರೆ ಮತ್ತೆ ಪೌಂಡ್ ಗುರುತೇ. ಹಾಗಾಗಿ ಯೂನಿಕೋಡಿಗೆ ಬದಲಿಸಲೇಬೇಕು.

ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಮುಗಿಯುವುದಿಲ್ಲ. ಕರ್ನಾಟಕ ಅಂತ ಬರೆದಾಗ ಹಳೇ ಎನ್‌ಕೋಡಿಂಗ್‌ನಲ್ಲಿ ಅರ್ಕಾವೊತ್ತು ನಾ ಆದಮೇಲೆ ಬರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು, ಉಚ್ಚರಿಸುವ ಕ್ರಮದಲ್ಲಿ. ಕೋ ಅನ್ನುವುದು ಹಳೆಯದರಲ್ಲಿ ನಾಲ್ಕು ತುಂಡು, ಯೂನಿಕೋಡ್‌ನಲ್ಲಿ ಎರಡೇ. ಇದನ್ನೆಲ್ಲ ಸರಿಯಾಗಿ ಮಾಡುವ ಓಪನ್ ಸೋರ್ಸ್ ಕನ್ವರ್ಟರ್‌ಗಳು ಸಿಗುತ್ತವೆ. ತೊಂದರೆ ಬರುವುದು ಬೇರೆ ಕಡೆ. ಮಾವನ ಪತ್ರದಲ್ಲಿ ಸರ್ವೆ ನಂಬರ್, ಬ್ಯಾಂಕಿನ ಹೆಸರು, ಇಮೇಲ್ ಎಲ್ಲ ಇಂಗ್ಲಿಷಿನಲ್ಲಿವೆ. ಫೈಲನ್ನು ಬರೀ ಟೆಕ್ಸ್ಟ್ ಮಾಡಿ ಕನ್ವರ್ಟರಿಗೆ ಕೊಟ್ಟರೆ ಯಾವುದು ನುಡಿ, ಯಾವುದು ನಿಜವಾದ ಇಂಗ್ಲಿಷ್ ಅಂತ ಅದಕ್ಕೆ ತಿಳಿಯುವುದಿಲ್ಲ, ಬ್ಯಾಂಕಿನ ಹೆಸರೂ ಅರ್ಥವಿಲ್ಲದ ಕನ್ನಡ ಆಗಿಬಿಡುತ್ತದೆ.

ಅದಕ್ಕೆ ಲಿಬ್ರೆಆಫೀಸ್‌ನಿಂದ ಎಲ್ಲವನ್ನೂ ಒಟ್ಟಿಗೆ ಡಾಕ್ಸ್ (ವರ್ಡ್‌ನ ಹೊಸ ಬಗೆಯ ಫೈಲ್) ಮಾಡಿ, ಪೈಥಾನ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಡಾಕ್ಸ್ ಒಳಗೆ ಬರಹ ರನ್ ಅನ್ನುವ ತುಂಡುಗಳಲ್ಲಿ ಇರುತ್ತದೆ, ಒಂದೊಂದು ರನ್‌ಗೂ ಫಾಂಟಿನ ಹೆಸರು ಇರುತ್ತದೆ. ಹೆಸರು ನುಡಿ ಅಂತ ಶುರುವಾದರೆ ಬದಲಿಸು, ಇಲ್ಲದಿದ್ದರೆ ಮುಟ್ಟಬೇಡ. ಅಷ್ಟೇ ಸಾಲದು. ವರ್ಡ್ ಕೆಲವು ಸಲ ಒಂದೇ ಅಕ್ಷರದ ನಡುವೆಯೇ ರನ್ ಕತ್ತರಿಸಿರುತ್ತದೆ, ನಾ ಒಂದು ರನ್‌ನಲ್ಲಿ, ಅದರ ಅರ್ಕಾವೊತ್ತು ಮುಂದಿನ ರನ್‌ನಲ್ಲಿ. ಪಕ್ಕಪಕ್ಕದ ಒಂದೇ ಫಾಂಟಿನ ರನ್‌ಗಳನ್ನು ಮೊದಲು ಸೇರಿಸಿ ಆಮೇಲೆ ಬದಲಿಸಬೇಕು. ಬೋಲ್ಡ್, ಅಂಡರ್‌ಲೈನ್ ಬೇರೆ ಬೇರೆ ಇದ್ದರೆ ಮಾತ್ರ ಸೇರಿಸಬಾರದು. ಹೀಗೆ ಮಾಡಿದ ಮೇಲೆ ಪತ್ರಗಳೆಲ್ಲ ಶುದ್ಧವಾಗಿ ಬಂದವು, ಮಾವ ಈಗ ಹಳೇ ಅರ್ಜಿಯನ್ನು ಊರಿನ ಹೆಸರು ಕೊಟ್ಟು ಹುಡುಕುತ್ತಾರೆ. ಮೂಲ ಫೈಲುಗಳನ್ನು ಬೇರೆ ಫೋಲ್ಡರಿನಲ್ಲಿ ಹಾಗೇ ಉಳಿಸಿದ್ದೇನೆ.

ಬಾಕಿ ಇರುವುದು ತೋಟದ ಲೆಕ್ಕದ ಎಕ್ಸೆಲ್ ಫೈಲುಗಳು. ಅಲ್ಲಿ ಒಂದೇ ಸೆಲ್ ಒಳಗೆ ಅರ್ಧ ನುಡಿ, ಅರ್ಧ ಇಂಗ್ಲಿಷ್ ಇದೆ. ಪೈಥಾನ್‌ನಿಂದ ಎಕ್ಸೆಲ್ ಫೈಲ್ ಓದುವ ಓಪನ್‌ಪೈಎಕ್ಸ್‌ಎಲ್ ಸಾಮಾನ್ಯವಾಗಿ ಸೆಲ್‌ಗೆ ಒಂದೇ ಫಾಂಟ್ ಅಂತ ಓದುತ್ತದೆ, ರಿಚ್ ಟೆಕ್ಸ್ಟ್ ಆಯ್ಕೆ ಕೊಟ್ಟು ತೆರೆದರೆ ಮಾತ್ರ ತುಂಡುಗಳು ಬೇರೆಯಾಗಿ ಸಿಗುತ್ತವೆ. ಸ್ಕ್ರಿಪ್ಟಿನ ಆ ಭಾಗ ಈಗ ಬರೆಯುತ್ತಿದ್ದೇನೆ, ಕೊಯ್ಲು ಶುರುವಾಗುವ ಮೊದಲು ಮಾವನಿಗೆ ಕಳಿಸಬೇಕು.